ಸಮುದ್ರದ ಕಡೆಯ ಮೂಲೆಗಂಬ

ದೇವರು ನಾಲ್ಕು ತಿಂಗಳು ಮಳೆ ಕೊಟ್ಟು, ಆಮೇಲೆ ಒಂದು ಒಣ ಬೆಳಗನ್ನು ಕೊಡುತ್ತಾನೆ. ಭೂಮಿಯ ದಕ್ಷಿಣ ತುದಿಯ ಹತ್ತಿರದ ಚಿಲೊಯೆಯ ನಮ್ಮ ಸಣ್ಣ ದ್ವೀಪಕ್ಕೆ ಆ ಬೆಳಗು ಚಳಿಗಾಲ ಮುಗಿಯುವ ಸೆಪ್ಟೆಂಬರಿನ ಮೊದಲ ವಾರ ಬರುತ್ತದೆ. ಬಂದ ದಿನ ಯಾರೂ ದೋಣಿ ಇಳಿಸುವುದಿಲ್ಲ, ಆಲೂಗಡ್ಡೆ ಹೊಲದ ಕಡೆ ಮುಖ ಹಾಕುವುದಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯನ್ನು ಒಮ್ಮೆ ಕತ್ತೆತ್ತಿಕೊಂಡು, ಒಮ್ಮೆ ಮಂಡಿಯೂರಿಕೊಂಡು ಸುತ್ತುತ್ತಿರುತ್ತಾರೆ. ಗಾಳಿ ಎಷ್ಟು ಮರದ ಹೆಂಚು ಕಿತ್ತಿದೆ, ತೇವ ಎಲ್ಲಿ ಹೊಕ್ಕಿದೆ, ಚಳಿಗಾಲ ಯಾವ ಕಂಬವನ್ನು ತಿಂದಿದೆ, ಎಲ್ಲವನ್ನೂ ಆವತ್ತೇ ನೋಡಿಬಿಡಬೇಕು.

ಊಬೆರ್ಲಿಂದಾ ಅಜ್ಜಿಯ ಮನೆಯಲ್ಲಿ ಈ ಕೆಲಸ ಅಜ್ಜಿಯದೇ. ಎಪ್ಪತ್ತಾರು ವರ್ಷವಾದರೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ. ಮಗನ ಗಮ್‌ಬೂಟು ಹಾಕಿಕೊಂಡು, ಲೂಮಾ ಮರದ ದೊಣ್ಣೆ ಹಿಡಿದು ಹೊರಟಳೆಂದರೆ ಕೋಳಿಗಳು ದಾರಿ ಬಿಡುತ್ತವೆ. ಅವರ ಮನೆ ನಿಂತಿರುವುದು ಇಪ್ಪತ್ತೆರಡು ಮೋಟುಗಂಬಗಳ ಮೇಲೆ. ಒಂದೊಂದಕ್ಕೂ ಎರಡೆರಡು ಏಟು. ಗಟ್ಟಿ ಕಂಬ ‘ಟಣ್’ ಅನ್ನುತ್ತದೆ, ಕೊಳೆತದ್ದು ‘ಬೊದ್’ ಅನ್ನುತ್ತದೆ. ಮೊಮ್ಮಗಳು ಯಾಸ್ನಾ ಸೀಮೆಸುಣ್ಣ ಹಿಡಿದು ಹಿಂದೆ ನಡೆಯುತ್ತಾ, ಗಟ್ಟಿಯಾದ ಕಂಬಕ್ಕೆಲ್ಲ ಶಿಲುಬೆ ಗುರುತು ಹಾಕಬೇಕು.

ಇಪ್ಪತ್ತೊಂದು ಕಂಬಗಳು ಟಣ್ ಅಂದವು. ಕೊನೆಯದು ಸಮುದ್ರದ ಕಡೆಯ ಮೂಲೆಗಂಬ. ಅಲ್ಲಿಗೆ ಬರುವಾಗ ಅಜ್ಜಿಗೆ ಎಲ್ಲಿಲ್ಲದ ಕೆಮ್ಮು ಬಂತು. ಕೆಮ್ಮುತ್ತಲೇ ದೊಣ್ಣೆ ಬೀಸಿದಳು.

“ಹಾಕು ಶಿಲುಬೆ.”

“ಅಜ್ಜಿ, ನಂಗೆ ಸದ್ದೇ ಕೇಳಿಸ್ಲಿಲ್ಲ.”

“ನಂಗೆ ಕೇಳಿಸ್ತಲ್ಲ, ಸಾಕು. ಹದಿನೇಳು ವರ್ಷದ ಕಿವಿ ಇಟ್ಕೊಂಡು ಕೇಳಿಸ್ಲಿಲ್ಲ ಅಂತೀಯಲ್ಲ, ನಾಚಿಕೆ ಆಗಲ್ವಾ?”

ಯಾಸ್ನಾ ಶಿಲುಬೆ ಹಾಕಿದಳು. ಕೈಗೆ ತಾಕಿದ ಮರ ಒದ್ದೆ ಬ್ರೆಡ್ಡಿನ ಹಾಗಿತ್ತು. ಆದರೆ ಅಜ್ಜಿಯ ಮುಖ ನೋಡಿ, ಕೈ ಒರೆಸಿಕೊಂಡು ಮುಂದೆ ನಡೆದಳು.

ಅಜ್ಜಿಯ ಕೆಮ್ಮಿಗೆ ಕಾರಣವಿತ್ತು. ನಮ್ಮ ದ್ವೀಪದಲ್ಲಿ ಪಾದ್ರಿಗಳು ಬರುವುದು ವರ್ಷಕ್ಕೆರಡು ಸಲ, ಅದೂ ಸಮುದ್ರ ಬಿಟ್ಟರೆ. ಉಳಿದ ದಿನಗಳಲ್ಲಿ ಪ್ರಾರ್ಥನೆ ನಡೆಸುವವರು ಚರ್ಚಿನ ಹಿರಿಯ ದೋನ್ ಎಲಿಯೆಸೆರ್. ಜಪಮಾಲೆಯ ಮರಿಯಮ್ಮನವರ ಹಬ್ಬಕ್ಕೆ ಮುಂಚೆ ಒಂಬತ್ತು ಸಂಜೆ ಅಮ್ಮನವರ ಮೂರ್ತಿ ಚರ್ಚಿನಿಂದ ಹೊರಟು ಒಂದು ಮನೆಯಲ್ಲಿ ಇಳಿದುಕೊಳ್ಳುತ್ತದೆ. ಊರಿಗೆ ಊರೇ ಅಲ್ಲಿ ಮಂಡಿಯೂರುತ್ತದೆ. ಮನೆಗಳ ಸರದಿ ದೋನ್ ಎಲಿಯೆಸೆರ್ ಅವರ ಕೈಯಲ್ಲಿ. ಹನ್ನೊಂದು ವರ್ಷ ಕಾದ ಮೇಲೆ ಈ ಸಲ ಊಬೆರ್ಲಿಂದಾ ಅಜ್ಜಿಯ ಸರದಿ. ಮನೆ ಸರಿಯಿಲ್ಲ ಎಂದು ಗೊತ್ತಾದರೆ ಅಮ್ಮನವರು ಮುಂದಿನ ಮನೆಗೆ ಹೋಗುತ್ತಾರೆ. ಮುಂದಿನ ಮನೆ ಔರಿಸ್ತೇಲಾಳದು.

ಆ ಔರಿಸ್ತೇಲಾಳ ಜೊತೆ ಅಜ್ಜಿ ಮಾತು ಬಿಟ್ಟು ಆರು ವರ್ಷವಾಗಿತ್ತು.

*

ಮಧ್ಯಾಹ್ನ ಊಟಕ್ಕೆ ಕೂತರು. ಸೊಸೆ ನೋಲ್ಫಾ ಕುರಿ ಮಾಂಸದ ಸೂಪನ್ನು ತಟ್ಟೆಗೆ ಹಾಕಿ, ಬಡಿಸುವ ಸೌಟನ್ನು ಹಿಡಿದುಕೊಂಡೇ ನಿಂತಳು.

“ಅತ್ತೆ, ನಿಮ್ಮ ತಟ್ಟೆ ನೋಡಿ.”

“ನೋಡಿದೆ. ಮಾಂಸ ಕಮ್ಮಿ ಇದೆ.”

“ಮಾಂಸ ಅಲ್ಲ ಅತ್ತೆ, ಸೂಪು. ಈ ಕಡೆ ಅಂಚಿಗೆ ತುಂಬಿದೆ, ಆ ಕಡೆ ತಳ ಕಾಣ್ತಿದೆ. ಜೂನ್‌ನಿಂದ ಹೇಳ್ತಿದೀನಿ. ಕಪಾಟಿನ ಬಾಗಿಲು ತಾನಾಗೇ ತೆರ್ಕೊಳ್ಳತ್ತೆ. ಹಾಲಿನ ಪಾತ್ರೆ ಒಲೆ ಮೇಲಿಂದ ಜಾರತ್ತೆ. ಮನೆ ಸಮುದ್ರದ ಕಡೆ ಕೂತಿದೆ.”

“ಒಲೆ ಹಳೇದು,” ಎಂದಳು ಅಜ್ಜಿ.

“ಒಲೆ ಹಳೇದಾದ್ರೆ ಸೂಪು ಯಾಕೆ ಓಡತ್ತೆ?”

ಮಗ ರೊಸಮೇಲ್ ತಟ್ಟೆಯಿಂದ ತಲೆಯೆತ್ತಲಿಲ್ಲ. ನಲವತ್ತೇಳು ವರ್ಷದ ಗಂಡಸು, ಸಮುದ್ರದಲ್ಲಿ ಯಾವ ಅಲೆಗೂ ಹೆದರದವನು, ಊಟದ ಮೇಜಿನಲ್ಲಿ ಅಮ್ಮನೂ ಹೆಂಡತಿಯೂ ಮಾತಿಗೆ ನಿಂತರೆ ಮೀನಿನ ಮುಳ್ಳು ಹುಡುಕುವವನ ಹಾಗೆ ಕೂತುಬಿಡುತ್ತಾನೆ. ಸೂಪಿನಲ್ಲಿ ಮೀನಿಲ್ಲ ಅನ್ನುವುದೂ ಆಗ ಅವನಿಗೆ ನೆನಪಿರುವುದಿಲ್ಲ.

ನೋಲ್ಫಾ ಸೌಟು ಕೆಳಗಿಟ್ಟಳು. ಬುಟ್ಟಿಯಿಂದ ದುಂಡಗಿನ ಆಲೂಗಡ್ಡೆ ಒಂದನ್ನು ಆರಿಸಿ ಅಡುಗೆಮನೆಯ ನಡುವೆ ನೆಲದ ಮೇಲಿಟ್ಟು ಕೈಬಿಟ್ಟಳು. ನಮ್ಮ ಕಡೆ ಮನೆಯ ಮಟ್ಟ ನೋಡುವುದು ಹೀಗೇ. ಆಲೂಗಡ್ಡೆ ಒಂದು ಕ್ಷಣ ಯೋಚಿಸಿತು. ಆಮೇಲೆ ಮೇಜಿನ ಕೆಳಗೆ ಹಾದು, ಬೆಕ್ಕನ್ನು ಎಬ್ಬಿಸಿ, ಸಮುದ್ರದ ಕಡೆಯ ಮೂಲೆಗೆ ಹೋಗಿ ‘ಟಕ್’ ಎಂದು ಗೋಡೆಗೆ ಬಡಿದು ನಿಂತಿತು.

“ಅದು ದುಂಡಗಿಲ್ಲ,” ಎಂದಳು ಅಜ್ಜಿ.

ನೋಲ್ಫಾ ಇನ್ನೊಂದು ಬಿಟ್ಟಳು. ಅದೂ ಅಲ್ಲಿಗೇ ಹೋಯಿತು. ಯಾಸ್ನಾ ಒಂದು ಬಿಟ್ಟಳು. ಮೂರೂ ಒಂದೇ ಮೂಲೆಯಲ್ಲಿ ಸಭೆ ಸೇರಿದವು. ಸೊಟ್ಟಗಿದ್ದ, ಕೆಂಪು ಸಿಪ್ಪೆಯ ಉದ್ದನೆಯದೊಂದನ್ನು ಅಜ್ಜಿಯೇ ಆರಿಸಿ ಕೊಟ್ಟಳು. ಅದು ಹೊರಳಾಡುತ್ತಾ, ಕುಂಟುತ್ತಾ, ಕೊನೆಗೆ ಅಲ್ಲಿಗೇ ಸೇರಿತು.

ಯಾಸ್ನಾಗೆ ನಗು ತಡೆಯಲಾಗಲಿಲ್ಲ. “ಅಜ್ಜಿ, ಆಲೂಗಡ್ಡೆಗಳೆಲ್ಲ ಅಮ್ಮನ ಕಡೆ!”

“ಬಿತ್ತನೆ ಬೀಜ ಇಟ್ಕೊಂಡು ಆಟ ಆಡ್ತಾರೆ ಯಾರಾದ್ರೂ?” ಎಂದು ಅಜ್ಜಿ ಎದ್ದು, ಒಂದೊಂದನ್ನೂ ಎತ್ತಿ ಸೆರಗಿನಂಥ ತನ್ನ ಏಪ್ರನ್ನಿನಲ್ಲಿ ಒರೆಸಿ ಬುಟ್ಟಿಗೆ ಹಾಕಿದಳು. “ಮನೆ ಸರಿಯಾಗಿದೆ. ಇಪ್ಪತ್ತೆಂಟನೇ ತಾರೀಕು ಅಮ್ಮನವರು ಈ ಬಾಗಿಲಲ್ಲೇ ಬರ್ತಾರೆ. ಮಾತು ಮುಗೀತು.”

ಮಾತು ಮುಗಿಯಲಿಲ್ಲ. ಆ ವಾರವೆಲ್ಲ ಅವರ ಮನೆಯಲ್ಲಿ ಸೂಪು, ಹಾಲು, ಸ್ನಾನದ ನೀರು ಯಾವುದೇ ಹರಿದರೂ ಅತ್ತೆ ಸೊಸೆಯರ ವಾದ ಹರಿಯುತ್ತಿತ್ತು. ನೋಲ್ಫಾ ಬೇಕೆಂದೇ ಸೂಪನ್ನು ಇನ್ನೂ ನೀರಾಗಿ ಮಾಡತೊಡಗಿದಳು. ಅಜ್ಜಿ ತನ್ನ ತಟ್ಟೆಯ ಒಂದು ಕಡೆಗೆ ಬ್ರೆಡ್ಡಿನ ಚೂರು ಆನಿಕೆ ಕೊಟ್ಟು ಮಟ್ಟಸ ಮಾಡಿಕೊಂಡು ಉಂಡಳು.

*

ಎರಡನೇ ವಾರದ ಒಂದು ಬೆಳಗ್ಗೆ ನೋಲ್ಫಾ ಕೋಳಿಗೂಡು ತೆರೆಯಲು ಹೊರಗೆ ಬಂದಾಗ ಮನೆಯ ಕೆಳಗಿಂದ ಎರಡು ಗಮ್‌ಬೂಟು ಚಾಚಿಕೊಂಡಿದ್ದವು. ಗಂಡನದೆಂದುಕೊಂಡಳು. ಆದರೆ ಗಂಡ ಒಳಗೆ ಮುಖ ತೊಳೆಯುತ್ತಿದ್ದ.

“ಅತ್ತೆ?”

ಬೂಟು ಅಲುಗಾಡಲಿಲ್ಲ.

“ಅತ್ತೆ, ಬೂಟು ಮಾತ್ರ ಬಿಟ್ಟು ಹೋಗಿದೀರಾ, ಅಥವಾ ನೀವೂ ಇದೀರಾ?”

“ಇದೀನಿ,” ಎಂದಿತು ಒಳಗಿನ ದನಿ. “ಎಳಿ.”

ನೋಲ್ಫಾ ಎಳೆದಳು. ಅಜ್ಜಿ ಮಣ್ಣು ಮೆತ್ತಿಕೊಂಡು ಹೊರಬಂದಳು. ಮೂಲೆಗಂಬದ ಪಕ್ಕ ಚಪ್ಪಟೆ ಕಲ್ಲುಗಳು, ದಡಕ್ಕೆ ತೇಲಿ ಬಂದ ಮರದ ತುಂಡುಗಳು, ಒಂದು ಹಳೆಯ ಕಬ್ಬಿಣದ ಕಾವಲಿ, ಎಲ್ಲವನ್ನೂ ಒಂದರ ಮೇಲೊಂದು ತುರುಕಲಾಗಿತ್ತು. ಎಷ್ಟು ದಿನದ ಕೆಲಸವೋ.

“ನನ್ನ ಕಾವಲಿ!” ಎಂದಳು ನೋಲ್ಫಾ. “ಮೂರು ದಿನದಿಂದ ಹುಡುಕ್ತಿದೀನಲ್ಲ!”

ಅಜ್ಜಿ ಮೆಟ್ಟಿಲ ಮೇಲೆ ಕೂತಳು. ಮೊದಲ ಸಲ ಅವಳಿಗೆ ವಯಸ್ಸಾದ ಹಾಗೆ ಕಂಡಿತು. ನೋಲ್ಫಾ ಕಾವಲಿಯ ಮಾತು ಬಿಟ್ಟಳು. ಅವಳೂ ಪಕ್ಕದಲ್ಲಿ ಕೂತು, ಏಪ್ರನ್ನಿನ ತುದಿಯಿಂದ ಅತ್ತೆಯ ಕೆನ್ನೆಯ ಮಣ್ಣು ಒರೆಸಿದಳು.

“ಬೊದ್ ಅಂತಲ್ವಾ ಅತ್ತೆ?”

“ಬೊದ್ ಅಂತು.”

“ಅಮ್ಮನವರೇನೋ ಹಗುರ. ಮೂರ್ತಿ ನಾನೊಬ್ಬಳೇ ಎತ್ತಬಹುದು. ಅವರ ಹಿಂದೆ ನಲವತ್ತು ಜನ ಬರ್ತಾರಲ್ಲ, ಬಂದೋರೆಲ್ಲ ಒಟ್ಟಿಗೆ ಮಂಡಿ ಊರ್ತಾರಲ್ಲ. ಯಾರಾದ್ರೂ ಮಗು ಎತ್ಕೊಂಡಿರ್ತಾರೆ. ನೆಲ ಕುಸಿದ್ರೆ?”

ಅಜ್ಜಿ ಸಮುದ್ರದ ಕಡೆ ನೋಡಿದಳು. “ಹನ್ನೊಂದು ವರ್ಷ ಕಾದೆ ನೋಲ್ಫಾ. ಮುಂದಿನ ಸರದಿಗೆ ನಂಗೆ ಎಂಬತ್ತೇಳು. ಅಷ್ಟರಲ್ಲಿ ನಾನೇ ಅಮ್ಮನವರ ಮನೆಗೆ ಹೋಗಿರ್ತೀನಿ.”

“ಹೋದ್ರೆ ಅಲ್ಲೂ ಕಂಬ ಬಡಿದು ನೋಡ್ತೀರಿ ಬಿಡಿ.”

ಅಜ್ಜಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

“ಒಂದು ನಂಗೆ ತಿಳೀತಿಲ್ಲ,” ಎಂದಳು ನೋಲ್ಫಾ. “ಆ ಕಂಬ ಹಾಕಿ ನಾಲ್ಕೇ ವರ್ಷ. ಉಳಿದವೆಲ್ಲ ಮಾವನವರ ಕಾಲದ್ದು. ಹಳೇದು ಟಣ್ ಅನ್ನುವಾಗ ಹೊಸದು ಯಾಕೆ ಕೊಳೀತು?”

“ಅದನ್ನ ನಿನ್ನ ಗಂಡನ್ನ ಕೇಳು.”

*

ತಿಂಡಿಯ ಹೊತ್ತಿಗೆ ಕೇಳಿದರು. ಮರ ಕಡಿಯಬೇಕಾದ್ದು ಚಳಿಗಾಲದಲ್ಲಿ, ಚಂದ್ರ ಕರಗುತ್ತಿರುವ ದಿನಗಳಲ್ಲಿ. ಚಂದ್ರ ಬೆಳೆಯುವಾಗ ಕಡಿದ ಮರದಲ್ಲಿ ನೀರು ಮೇಲೇರಿರುತ್ತದೆ, ಬೇಗ ಕೊಳೆಯುತ್ತದೆ. ಇದು ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು.

“ಕರಗುವ ಚಂದ್ರನಲ್ಲೇ ಕಡಿದಿದ್ದು,” ಎಂದ ರೊಸಮೇಲ್, ಚಹಾಕ್ಕೆ ನಾಲ್ಕನೇ ಚಮಚ ಸಕ್ಕರೆ ಹಾಕುತ್ತಾ.

“ಮಗನೇ,” ಎಂದಳು ಅಜ್ಜಿ, “ಆವತ್ತು ರಾತ್ರಿ ನಾನು ಹಂದಿಗೆ ಮೇವು ಹಾಕಕ್ಕೆ ಹೊರಗೆ ಬಂದಿದ್ದೆ. ಚಂದ್ರ ಊಟ ಮಾಡಿದೋನ ಹೊಟ್ಟೆ ಥರ ಉಬ್ಬುತ್ತಿದ್ದ.”

ರೊಸಮೇಲನ ಕಿವಿ ಕೆಂಪಾಯಿತು.

“ಮುಂದಿನ ಭಾನುವಾರ ಆ ಕಡೆ ದ್ವೀಪದವರ ಜೊತೆ ಫುಟ್‌ಬಾಲ್ ಫೈನಲ್ ಇತ್ತು,” ಎಂದ ಕೊನೆಗೆ. “ಕರಗೋ ತನಕ ಕಾದಿದ್ರೆ ಆಟ ತಪ್ಪಿಹೋಗ್ತಿತ್ತು.”

“ಗೆದ್ರಾ ಅಪ್ಪ?” ಎಂದಳು ಯಾಸ್ನಾ.

“ನಾಲ್ಕು ಸೊನ್ನೆ.”

“ನಾಲ್ಕು ಯಾರದ್ದು?”

“ಅವರದ್ದು.”

ನೋಲ್ಫಾ ಮೇಜಿಗೆ ತಲೆಯಿಟ್ಟು ನಕ್ಕಳು. ಅಜ್ಜಿ ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು ಹೊರಬಿದ್ದು ಹಗುರಾಗಿ, ಇನ್ನೊಂದು ಬ್ರೆಡ್ಡಿಗೆ ಕೈ ಚಾಚಿದಳು.

ಆದರೆ ತೊಂದರೆ ನಗುವಿಗೆ ಕರಗುವಂಥದ್ದಲ್ಲ. ಸೆಪ್ಟೆಂಬರ್ ಬಂದಾಗಿದೆ, ಮರಗಳಲ್ಲಿ ನೀರು ಏರಿದೆ. ಈಗ ಕಡಿದರೆ ಅದೇ ಕತೆ. ಕಾಲಕ್ಕೆ ಸರಿಯಾಗಿ ಕಡಿದು, ನೆರಳಲ್ಲಿ ಒಣಗಿಸಿಟ್ಟ ಲೂಮಾ ಕಂಬ ಬೇಕು. ದ್ವೀಪದಲ್ಲಿ ಅಂಥದ್ದು ಒಂದೇ ಒಂದು ಇತ್ತು. ಔರಿಸ್ತೇಲಾಳ ಕೊಟ್ಟಿಗೆಯಲ್ಲಿ, ಹುಲ್ಲಿನ ಅಟ್ಟದ ಕೆಳಗೆ. ಮನೆ ಎತ್ತಬಲ್ಲ ಎತ್ತಿನ ಜೋಡಿಯೂ ಅವಳದೇ.

“ನಾನು ಹೋಗಿ ಕೇಳ್ತೀನಿ,” ಎಂದ ರೊಸಮೇಲ್. ಔರಿಸ್ತೇಲಾ ಅವನ ಜ್ಞಾನತಾಯಿ. ಕೂಸಾಗಿದ್ದಾಗ ಜ್ಞಾನಸ್ನಾನಕ್ಕೆ ಅವನನ್ನು ಎತ್ತಿಕೊಂಡವಳು ಅವಳೇ. ಆ ನಂಟಿನಿಂದಲೇ ಇಬ್ಬರು ಹೆಂಗಸರೂ ನಲವತ್ತು ವರ್ಷ ಒಬ್ಬರನ್ನೊಬ್ಬರು ‘ಕೊಮಾದ್ರೆ’, ಅಂದರೆ ಜೊತೆತಾಯಿ, ಎಂದು ಕರೆಯುತ್ತಿದ್ದರು. ಆರು ವರ್ಷದ ಹಿಂದೆ, ಸೇಬಿನ ರಸ ಹಿಂಡುವ ದಿನ, ಇಪ್ಪತ್ತು ಜನರ ಎದುರು ಊಬೆರ್ಲಿಂದಾ ಅಜ್ಜಿ ಔರಿಸ್ತೇಲಾಳ ಮಿಲ್ಕಾವೊವನ್ನು ಮುರಿದು ನೋಡಿ, “ಒಳಗೆ ಹಸಿ,” ಎಂದಳು. ತುರಿದ ಆಲೂಗಡ್ಡೆಯಲ್ಲಿ ಹಂದಿಯ ಕೊಬ್ಬು ಸೇರಿಸಿ ತಟ್ಟುವ ಆ ರೊಟ್ಟಿಯ ಮೇಲೆ ನಮ್ಮ ಹೆಂಗಸರ ಮಾನ ನಿಂತಿದೆ. ಆವತ್ತಿನಿಂದ ಕೊಮಾದ್ರೆ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ರೊಸಮೇಲ್ ಹೋದವನು ಸಂಜೆಗೆ ಬಂದ. ಮೀಸೆಯಲ್ಲಿ ಕೊಬ್ಬಿನ ಹೊಳಪಿತ್ತು.

“ಏನಂದಳು?” ಅಜ್ಜಿ ಕೇಳಿದಳು.

“ಮೂರು ಮಿಲ್ಕಾವೊ ಕೊಟ್ಟಳು.”

“ಕಂಬದ ವಿಷ್ಯ ಏನಂದಳು?”

“ಮನೆ ಯಾರದ್ದೋ ಅವರೇ ಬಂದು ಬೇಡಲಿ ಅಂದಳು.”

ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಮನೆ ಎತ್ತುವುದಕ್ಕೆ ಊರಿನವರನ್ನು ಕರೆಯುವಾಗ ಮನೆಯ ಒಡತಿ ಖಾಲಿ ಕೈಯಲ್ಲಿ ಹೋಗಬೇಕು. ಕೂಲಿಯ ಮಾತು ಎತ್ತಬಾರದು, ಉಡುಗೊರೆ ಒಯ್ಯಬಾರದು. ಬೇಡಬೇಕು, ಅಷ್ಟೇ. ಬೇಡಿದವರಿಗೆ ಇಲ್ಲವೆನ್ನುವುದು ಪಾಪ. ಬೇಡಲು ನಾಚುವುದೂ ಅದಕ್ಕೆ ಸಮವೇ ಇರಬಹುದು. ಅಜ್ಜಿ ಎರಡು ದಿನ ಜಪಮಾಲೆ ಹಿಡಿದು ಕೂತಳು. ದೇಶದ ಹಬ್ಬದ ದಿನ ಎಲ್ಲರೂ ಕುರಿ ಸುಟ್ಟು ಕುಣಿಯುತ್ತಿದ್ದಾಗಲೂ ಒಂದು ತುಂಡನ್ನು ಅರ್ಧಕ್ಕೇ ಬಿಟ್ಟಳು. ಅಜ್ಜಿ ಮಾಂಸ ಬಿಟ್ಟಿದ್ದನ್ನು ನೋಡಿ ಯಾಸ್ನಾ ಹೆದರಿದಳು.

ಹಬ್ಬದ ಮರುದಿನ ಅಜ್ಜಿ ಕರಿಯ ಶಾಲು ಹೊದ್ದು ಹೊರಟಳು. ಯಾಸ್ನಾ ಕೈ ಹಿಡಿದು ಜೊತೆಗೆ ಹೋದಳು.

ಔರಿಸ್ತೇಲಾ ಬಾಗಿಲ ಬಳಿಯ ಬೆಂಚು ತೋರಿಸಿದಳು. ಮಾಟೆ ಎಲೆಯ ಕಷಾಯ ಮಾಡಿ ಸೋರೆಬುರುಡೆಯಲ್ಲಿ ಕೊಟ್ಟಳು. ಮೊದಲ ಸುತ್ತು ಮಳೆಯ ಮಾತು. ಎರಡನೆಯ ಸುತ್ತು ಹಂದಿಮರಿಗಳ ಮಾತು. ಮೂರನೆಯ ಸುತ್ತಿಗೆ ಅಜ್ಜಿ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಕೊಮಾದ್ರೆ,” ಎಂದಳು.

ಔರಿಸ್ತೇಲಾ ಒಲೆಗೆ ಕಟ್ಟಿಗೆ ಹಾಕುತ್ತಿದ್ದವಳು ಹಾಗೇ ನಿಂತಳು.

“ನನ್ನ ಮನೆಯ ಸಮುದ್ರದ ಕಡೆ ಮೂಲೆ ಕುಸಿದಿದೆ. ನಿನ್ನ ಕಂಬ, ನಿನ್ನ ಎತ್ತು, ನಿನ್ನ ಗಂಡುಮಕ್ಕಳ ತೋಳು ಬೇಡಕ್ಕೆ ಬಂದಿದೀನಿ. ದೇವರ ಹೆಸರಲ್ಲಿ.”

“ನಿನ್ನ ಮನೆ ಕುಸಿದಿದೆ ಅಂತ ನಾನು ಎಲಿಯೆಸೆರ್‌ಗೆ ಒಂದು ಮಾತು ಹೇಳಿದ್ರೆ ಅಮ್ಮನವರು ಎಲ್ಲಿಗೆ ಬರ್ತಾರೆ ಗೊತ್ತಾ?”

“ಇಲ್ಲಿಗೆ.”

“ಗೊತ್ತಿದ್ದೂ ಬಂದ್ಯಾ?”

“ಗೊತ್ತಿದ್ದೇ ಬಂದೆ.”

ಔರಿಸ್ತೇಲಾ ಕಟ್ಟಿಗೆ ಹಾಕಿ, ಕೈ ಜಾಡಿಸಿ, ಮಾಟೆ ಬುರುಡೆ ಇಸಕೊಂಡು ಮತ್ತೆ ನೀರು ತುಂಬಿದಳು. “ಎತ್ತು ದಡದ ಮೇಲೆ ನಿಲ್ಲಬೇಕು. ಸೋಮವಾರ ಸಮುದ್ರದ ಇಳಿತ ಯಾವಾಗ?” ಎಂದು ಯಾಸ್ನಾಳನ್ನು ಕೇಳಿದಳು.

“ಹತ್ತು ಗಂಟೆಗೆ.”

“ಎಂಟಕ್ಕೆ ಬರ್ತೀವಿ. ನಿನ್ನಮ್ಮಂಗೆ ಹೇಳು, ನನ್ನ ಎತ್ತುಗಳು ಬಿಸಿಲಾದ್ಮೇಲೆ ಕೆಲಸ ಮಾಡಲ್ಲ. ಅವಕ್ಕೂ ನಿಮ್ಮಜ್ಜಿ ಥರಾನೇ ಹಟ.”

*

ಸೋಮವಾರ ಎಂಟಕ್ಕೆ ಇಪ್ಪತ್ತಾರು ಜನ ಬಂದರು. ಅವರಲ್ಲಿ ದೋನ್ ಎಲಿಯೆಸೆರ್ ಕೂಡ ಇದ್ದರು, ತೋಳು ಮಡಚಿಕೊಂಡು. ಅಜ್ಜಿಯ ಮುಖ ಬಿಳಿಚಿತು.

“ದೋನ್ ಎಲಿಯೆಸೆರ್, ನಿಮಗೆ ಹೇಳಬೇಕಂತಿದ್ದೆ…”

“ಹೋದ ತಿಂಗಳು ನಿಮ್ಮ ಮನೇಲಿ ಸೂಪು ಕುಡಿದಾಗಲೇ ಅದು ಹೇಳ್ತು ತಾಯಿ,” ಎಂದರು ಅವರು. “ನೀವು ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ. ಸನ್ನೆಗೋಲು ಎಲ್ಲಿ?”

ಮನೆ ಎತ್ತುವ ಮುಂಚೆ ಒಳಗೆ ಅಡಗಿರುವ ತುಂಟ ಶಕ್ತಿಗಳನ್ನು ಓಡಿಸಬೇಕು. ಹೆಂಗಸರು ಕೊಂಬೆ ಹಿಡಿದು ಗೋಡೆಗೆ ಬಡಿಯುತ್ತಾ, “ಹೊರಗೆ ಹೋಗಿ, ಹೊರಗೆ!” ಎಂದು ಕೂಗುತ್ತಾ ಮನೆ ಸುತ್ತಿದರು. ನೋಲ್ಫಾ ಮರಳಿ ಸಿಕ್ಕ ಕಾವಲಿಯನ್ನೇ ಸೌಟಿನಿಂದ ಬಾರಿಸಿದಳು. ಹೊರಗೆ ಓಡಿಬಂದದ್ದು ಬೆಕ್ಕು ಮಾತ್ರ. ಆಮೇಲೆ ಒಲೆ ಆರಿಸಿ ಎಲ್ಲರೂ ಹೊರಗೆ ಬರಬೇಕು ಎಂದರು. ಅಜ್ಜಿ ಒಲೆಯ ಪಕ್ಕದ ಕುರ್ಚಿಯಿಂದ ಏಳಲಿಲ್ಲ.

“ಅಮ್ಮಾ, ಬಾ ಹೊರಗೆ!” ರೊಸಮೇಲ್ ಕಿಟಕಿಯಿಂದ ಕೂಗಿದ.

“ಈ ಮನೆಗೆ ಐವತ್ತೈದು ವರ್ಷದ ಹಿಂದೆ ಬಂದೆ. ಇದು ಏಳೋದಾದ್ರೆ ನಾನೂ ಏಳ್ತೀನಿ.”

ಔರಿಸ್ತೇಲಾ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಒಳಗೆ ಹೋಗಿ, ಎದುರಿನ ಕುರ್ಚಿಯಲ್ಲಿ ಕೂತಳು. “ಎತ್ತಿ,” ಎಂದು ಗಂಡುಮಕ್ಕಳಿಗೆ ಕೂಗಿದಳು.

ಎತ್ತುಗಳು ಹಗ್ಗ ಎಳೆದವು, ಗಂಡಸರು ಉದ್ದನೆಯ ಸನ್ನೆಗೋಲಿಗೆ ಜೋತುಬಿದ್ದರು, ಮನೆ ನರಳಿತು. ಕಪಾಟಿನ ಬಾಗಿಲು ಎಷ್ಟೋ ತಿಂಗಳ ಮೇಲೆ ತಾನಾಗೇ ಮುಚ್ಚಿಕೊಂಡಿತು. ಕಿಟಕಿಯ ಹೊರಗೆ ಸಮುದ್ರ ಮೆಲ್ಲಗೆ ಕೆಳಗಿಳಿಯಿತು. ಇಬ್ಬರು ಮುದುಕಿಯರೂ ಕುರ್ಚಿಯ ಅಂಚು ಹಿಡಿದು, ತುಟಿಯಲ್ಲಿ ಒಂದೇ ಪ್ರಾರ್ಥನೆ ಹೇಳಿಕೊಂಡರು. ನೋಲ್ಫಾ ಕಿಟಕಿಯ ಕೆಳಗೇ ನಿಂತಿದ್ದಳು. ಅವರ ಮಾತು ಅವಳಿಗೆ ಕೇಳಿತು.

“ಕೊಮಾದ್ರೆ, ಆವತ್ತು ಜನರ ಮುಂದೆ ನಾನು ಹಾಗನ್ನಬಾರದಿತ್ತು.”

“ಅನ್ನಬಾರದಿತ್ತು.”

“ಆದ್ರೆ ಹಸಿ ಇತ್ತು.”

ಎತ್ತುಗಳು ಮತ್ತೊಮ್ಮೆ ಎಳೆದವು, ಮನೆ ಇನ್ನೊಂದು ಬೆರಳು ಎದ್ದಿತು.

“ಗೊತ್ತು,” ಎಂದಳು ಔರಿಸ್ತೇಲಾ. “ನಾನೂ ಒಂದು ತಿಂದಿದ್ದೆ.”

ಒಳಗಿನ ನಗುವಿಗೆ ಹೊರಗಿನ ಗಂಡಸರು ಗಾಬರಿಯಾಗಿ, ಯಾರಿಗೋ ಏನೋ ಆಯಿತೆಂದು ಸನ್ನೆಗೋಲು ಬಿಡುವುದರಲ್ಲಿದ್ದರು. “ಹಿಡ್ಕೊಳ್ಳಿ, ಹಿಡ್ಕೊಳ್ಳಿ!” ಎಂದು ನೋಲ್ಫಾ ಕಿರುಚಿದಳು.

ಹಳೆಯ ಕಂಬ ಕೈಯಲ್ಲೇ ಪುಡಿಯಾಯಿತು. ಹೊಸದು ಎರಡು ಬೆರಳು ಉದ್ದವಾಯಿತು. ರೊಸಮೇಲ್ ಗರಗಸ ತಂದ.

“ನನ್ನ ಕಂಬಕ್ಕೆ ಗರಗಸ ಮುಟ್ಟಿಸಿದ್ರೆ ನೋಡು,” ಎಂದು ಔರಿಸ್ತೇಲಾ ಕಿಟಕಿಯಿಂದ ಗದರಿದಳು. “ಒಂದು ಚಳಿಗಾಲ ಕಳೀಲಿ, ತಾನೇ ಕೂರತ್ತೆ. ಚಂದ್ರ ನೋಡದೆ ಮರ ಕಡಿಯೋನು ನನಗೆ ಅಳತೆ ಹೇಳಬೇಡ.”

ಸುದ್ದಿ ದ್ವೀಪಕ್ಕೆಲ್ಲ ಹರಡಿತ್ತು. ಇಪ್ಪತ್ತಾರು ಜನ ಒಟ್ಟಿಗೆ ನಕ್ಕರು. ರೊಸಮೇಲ್ ಗರಗಸ ಒಳಗಿಟ್ಟ. ನೋಲ್ಫಾ ಎಲ್ಲರಿಗೂ ಸೂಪು ಬಡಿಸಿದಳು, ಈ ಸಲ ಗಟ್ಟಿಯಾಗಿ. ಅಜ್ಜಿ ಬಗ್ಗಿ ಹೊಸ ಕಂಬಕ್ಕೆ ದೊಣ್ಣೆಯಿಂದ ಎರಡು ಏಟು ಹಾಕಿದಳು, ಕೆಮ್ಮದೆ. ಟಣ್ ಎಂದ ಸದ್ದು ದಡದವರೆಗೆ ಹೋಯಿತು. ಯಾಸ್ನಾ ಶಿಲುಬೆ ಬರೆದಳು.

*

ಇಪ್ಪತ್ತೆಂಟರ ಸಂಜೆ ಅಮ್ಮನವರು ಬಂದರು. ಗಿಟಾರು, ಡೋಲು, ಮುಂದೆ ಮೋಂಬತ್ತಿ. ಸಮುದ್ರದ ಕಡೆಯ ಮೂಲೆಯಲ್ಲೇ, ಹೊಸ ಕಂಬದ ನೇರಕ್ಕೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಅವರನ್ನು ಕೂರಿಸಿದರು. ಒಂಬತ್ತು ಸಂಜೆಯೂ ಮನೆ ತುಂಬಿತು. ಕೊನೆಯ ಸಂಜೆ ಐವತ್ತೆರಡು ಜನ. ದೋನ್ ಎಲಿಯೆಸೆರ್ ಕೈಯೆತ್ತಿದರು, ಎಲ್ಲರೂ ಒಟ್ಟಿಗೆ ಮಂಡಿಯೂರಿದರು. ನೋಲ್ಫಾ ಉಸಿರು ಹಿಡಿದಳು. ನೆಲ ಅಲುಗಲಿಲ್ಲ, ಕಿರುಗುಟ್ಟಲೂ ಇಲ್ಲ.

ಪ್ರಾರ್ಥನೆಯ ನಡುವೆ ಯಾರದೋ ಕಾಲು ಆಲೂಗಡ್ಡೆ ಬುಟ್ಟಿಗೆ ತಾಕಿತು. ಒಂದು ಹೊರಗೆ ಬಿತ್ತು. ಆ ಮೂಲೆ ಎರಡು ಬೆರಳು ಎತ್ತರವಾಗಿದ್ದ ಮನೆಯಲ್ಲಿ ಅದು ಈಗ ಸಮುದ್ರದ ಕಡೆ ಹೋಗದೆ, ಮಂಡಿಯೂರಿದವರ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆಗೆ ಉರುಳಿತು. ಬಾಗಿಲ ಬಳಿ ಔರಿಸ್ತೇಲಾಳ ಮಂಡಿಗೆ ತಾಕಿ ನಿಂತಿತು. ಅವಳು ಕಣ್ಣು ತೆರೆಯದೆ, ಪ್ರಾರ್ಥನೆ ನಿಲ್ಲಿಸದೆ, ಅದನ್ನೆತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಯಾಸ್ನಾ ಅಜ್ಜಿಯನ್ನು ತಿವಿದಳು. “ಅಜ್ಜಿ, ನಮ್ಮ ಬಿತ್ತನೆ ಬೀಜ!”

“ಸುಮ್ನಿರೆ. ಅಮ್ಮನವರು ನೋಡ್ತಿದಾರೆ.”

ಮರುದಿನ ಬೆಳಗ್ಗೆ, ಮೂರ್ತಿ ಚರ್ಚಿಗೆ ಮರಳುವ ಮುಂಚೆ, ಔರಿಸ್ತೇಲಾ ಬಟ್ಟೆಯಲ್ಲಿ ಸುತ್ತಿದ ಬಿಸಿ ಮಿಲ್ಕಾವೊ ತಂದು ಮೇಜಿನ ಮೇಲಿಟ್ಟಳು. ಮನೆಯವರೆಲ್ಲ ಸುತ್ತ ನಿಂತರು. ಅಜ್ಜಿ ಒಂದನ್ನು ಎತ್ತಿ, ಎರಡು ಭಾಗ ಮಾಡಿ, ಕನ್ನಡಕ ಹಾಕಿಕೊಂಡು ಒಳಗೆ ನೋಡಿದಳು. ಆಮೇಲೆ ಒಂದು ಭಾಗವನ್ನು ಔರಿಸ್ತೇಲಾಳ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಕಚ್ಚಿ ನಿಧಾನವಾಗಿ ಅಗಿದಳು.

“ಬೆಂದಿದೆ, ಕೊಮಾದ್ರೆ,” ಎಂದಳು.